ಡೀಸೆಲ್ಲೋ, ಪೆಟ್ರೋಲೋ: ಒಂದು ಪಾಕೆಟ್ ಡೈರಿಯ ಲೆಕ್ಕ

2025ರ ಮಳೆಗಾಲದ ಒಂದು ಭಾನುವಾರ ಬೆಳಿಗ್ಗೆ ಅಕ್ಕನ ಮಗ ಫೋನ್ ಮಾಡಿದ. ಭಾನುವಾರ ಎಂಟು ಗಂಟೆಗೆ ಅವನು ಎದ್ದಿದ್ದಾನೆ ಅಂದರೆ ವಿಷಯ ದೊಡ್ಡದೇ ಇರಬೇಕು.

"ಮಾವ, ಕಾರು ತಗೋಬೇಕು ಅಂತಿದ್ದೀನಿ. ಡೀಸೆಲ್ ತಗೊಳ್ಳೋದಾ, ಪೆಟ್ರೋಲಾ?"

"ತಿಂಗಳಿಗೆ ಎಷ್ಟು ಓಡಿಸ್ತೀಯ?" ಅಂದೆ.

"ಎರಡು ಸಾವಿರ ಕಿಲೋಮೀಟರ್ ಆರಾಮಾಗಿ ಆಗುತ್ತೆ ಮಾವ."

ನನಗೆ ನಗು ಬಂತು. ಪಾಪ, ಅವನಿಗೆ ಬೇಜಾರಾಯಿತೇನೋ. ಆದರೆ ನಕ್ಕಿದ್ದು ಅವನ ಮಾತಿಗಲ್ಲ. ಹದಿಮೂರು ವರ್ಷದ ಹಿಂದೆ ಶೋರೂಮಿನ ಎಸಿಯಲ್ಲಿ ಕೂತು, ಅವರು ಕೊಟ್ಟ ಕಾಫಿ ಕುಡಿಯುತ್ತಾ, ನಾನೂ ಹೀಗೇ ಒಂದು ದುಂಡು ಸಂಖ್ಯೆ ಹೇಳಿದ್ದೆ. ನನ್ನದು ಸಾವಿರದ ಐನೂರು.

ಆ ದಿನಗಳು ನೆನಪಿವೆಯಾ? 2012ರ ಮೇ ಕೊನೆಯ ವಾರ. ಪೆಟ್ರೋಲ್ ಬೆಲೆ ಒಂದೇ ರಾತ್ರಿಯಲ್ಲಿ ಏಳೂವರೆ ರೂಪಾಯಿ ಏರಿತು. ದೆಹಲಿಯಲ್ಲಿ 73 ರೂಪಾಯಿ 18 ಪೈಸೆ ಆಯಿತು. ಬೆಂಗಳೂರಿನಲ್ಲಿ 80 ದಾಟಿತು. ಬಂಕ್‌ಗಳ ಮುಂದೆ ಹಿಂದಿನ ರಾತ್ರಿಯೇ ಕ್ಯೂ. ಡೀಸೆಲ್ ಮಾತ್ರ ದೆಹಲಿಯಲ್ಲಿ 40 ರೂಪಾಯಿ 91 ಪೈಸೆಗೆ ಸುಮ್ಮನೆ ನಿಂತಿತ್ತು. ನಮ್ಮಲ್ಲಿ ಸುಮಾರು 45. ಒಂದೇ ಬಂಕು, ಅಕ್ಕಪಕ್ಕದ ಎರಡು ಪೈಪು, ನಡುವೆ ಮೂವತ್ತು ರೂಪಾಯಿಗೂ ಮೀರಿದ ಅಂತರ.

ಕಾರಣ ಸರಳ. 2010ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಪೆಟ್ರೋಲ್ ಬೆಲೆಯ ಮೇಲಿನ ಹಿಡಿತ ಬಿಟ್ಟುಕೊಟ್ಟಿತ್ತು. ಡೀಸೆಲ್‌ದು ಬಿಟ್ಟಿರಲಿಲ್ಲ. ಲಾರಿ, ಬಸ್ಸು, ಟ್ರ್ಯಾಕ್ಟರು, ಪಂಪ್‌ಸೆಟ್ಟು ಎಲ್ಲ ಓಡುವುದು ಅದರಲ್ಲೇ ಅಲ್ವಾ. ಅದು ಏರಿದರೆ ಟೊಮೆಟೊನೂ ಏರುತ್ತೆ.

ನಾನು ಶೋರೂಮಿನ ಬ್ರೋಷರ್ ಹಿಂದೆ ಲೆಕ್ಕ ಹಾಕಿದೆ. ಪೆಟ್ರೋಲ್ ಕಾರು ಲೀಟರಿಗೆ 14 ಕೊಟ್ಟರೆ ಕಿಲೋಮೀಟರಿಗೆ 5 ರೂಪಾಯಿ 70 ಪೈಸೆ. ಡೀಸೆಲ್ ಕಾರು 18 ಕೊಟ್ಟರೆ ಎರಡೂವರೆ ರೂಪಾಯಿ. ಉಳಿತಾಯ 3 ರೂಪಾಯಿ 20 ಪೈಸೆ. ಡೀಸೆಲ್ ಕಾರಿಗೆ ಆನ್‌ರೋಡ್ ಬೆಲೆ ಸುಮಾರು 1.2 ಲಕ್ಷ ಜಾಸ್ತಿ. ಭಾಗಿಸಿದರೆ 37,500 ಕಿಲೋಮೀಟರ್. ತಿಂಗಳಿಗೆ ಸಾವಿರದ ಐನೂರರಂತೆ 25 ತಿಂಗಳು. ಎರಡು ವರ್ಷಕ್ಕೆ ಅಸಲು ವಾಪಸ್, ಆಮೇಲಿನದ್ದೆಲ್ಲ ಲಾಭ! ಜೂನ್‌ನಲ್ಲಿ ಡೀಸೆಲ್ ಸ್ವಿಫ್ಟ್ ಬುಕ್ ಮಾಡಿದೆ. ನನ್ನ ಹಾಗೇ ಲೆಕ್ಕ ಹಾಕಿದವರು ಊರು ತುಂಬ ಇದ್ದರು. ನಾಲ್ಕು ತಿಂಗಳು ಕಾಯಬೇಕಾಯಿತು.

ಮಧ್ಯೆ ಒಂದು ಮಾತು ಹೇಳಿಬಿಡುತ್ತೇನೆ. ಡೀಸೆಲ್ ನನಗೆ ಬರೀ ಲೆಕ್ಕದ ವಿಷಯ ಆಗಿರಲಿಲ್ಲ. ನಾನು ಬೆಳೆದದ್ದು ಬೇಲೂರು ಕಡೆಯ ಕಾಫಿ ತೋಟದ ಊರಿನಲ್ಲಿ. ಫೆಬ್ರವರಿ ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟರೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಬೇಕು. ಕೆರೆ ಏರಿಯ ಮೇಲೆ ಡೀಸೆಲ್ ಇಂಜಿನ್ ಇಟ್ಟು ಹಗಲು ರಾತ್ರಿ ಓಡಿಸುತ್ತಿದ್ದರು. ಅಪ್ಪ ಬ್ಯಾರಲ್‌ಗೆ ಪೈಪು ಹಾಕಿ, ಬಾಯಲ್ಲಿ ಎಳೆದು, ಡೀಸೆಲ್ ಬಾಯಿಗೆ ಬರುವ ಹೊತ್ತಿಗೆ ಸರಿಯಾಗಿ ಪೈಪನ್ನು ಕ್ಯಾನಿಗೆ ಬಿಟ್ಟು, ಪಕ್ಕಕ್ಕೆ ಥೂ ಅಂತ ಉಗಿಯುತ್ತಿದ್ದರು. ಹತ್ತಕ್ಕೆ ಒಂದು ಸಲ ಗುರಿ ತಪ್ಪುತ್ತಿತ್ತು. ಆ ದಿನ ರಾತ್ರಿ ಊಟಕ್ಕೆ ಕೂತಾಗಲೂ ಅವರಿಂದ ಡೀಸೆಲ್ ವಾಸನೆ ಬರುತ್ತಿತ್ತು. ಪೆಟ್ರೋಲ್ ಅಂದರೆ ಸ್ಕೂಟರಿಗೆ, ಪೇಟೆಗೆ ಹೋಗುವುದಕ್ಕೆ. ಡೀಸೆಲ್ ಅಂದರೆ ಕೆಲಸಕ್ಕೆ.

ಸರ್ಕಾರ ಡೀಸೆಲ್ ಬೆಲೆ ತಡೆದು ಇಟ್ಟಿದ್ದು ಆ ಕೆರೆ ಏರಿ ಮೇಲಿನ ಇಂಜಿನ್‌ಗೆ. ಅದರ ಲಾಭ ಎತ್ತಿಕೊಂಡು ನಾನು ವಿಜಯನಗರದಿಂದ ಆಫೀಸಿಗೆ ಕಾರಿನಲ್ಲಿ ಹೋದೆ. ರೈತನ ಎಲೆಗೆ ಬಡಿಸಿದ್ದನ್ನು ಪಕ್ಕದಲ್ಲಿ ಕೂತು ಉಂಡವರು ನಾವು. ಆಗ ಹಾಗೆ ಅನ್ನಿಸಲಿಲ್ಲ. ಜಾಣತನ ಅನ್ನಿಸಿತ್ತು.

ಕಾರು ಬಂದ ದಿನದಿಂದ ಒಂದು ಅಭ್ಯಾಸ ಮಾಡಿಕೊಂಡೆ. ಸಹಕಾರಿ ಬ್ಯಾಂಕಿನವರು ಹೊಸ ವರ್ಷಕ್ಕೆ ಕೊಟ್ಟ ಪಾಕೆಟ್ ಡೈರಿಯನ್ನು ಡ್ಯಾಶ್‌ಬೋರ್ಡಿನಲ್ಲಿ ಇಟ್ಟು, ಪ್ರತಿ ಸಲ ಡೀಸೆಲ್ ಹಾಕಿಸಿದಾಗ ಬರೆಯುತ್ತಿದ್ದೆ. ತಾರೀಖು, ಮೀಟರ್, ಲೀಟರ್, ದರ, ಊರು. ಹೆಂಡತಿ ಇದನ್ನು "ಕಾರಿನ ಜಾತಕ" ಅನ್ನುತ್ತಿದ್ದಳು. ಊರಿನ ಕಾಲಂನಲ್ಲಿ ವಿಜಯನಗರ, ವಿಜಯನಗರ, ವಿಜಯನಗರ. ನಡುನಡುವೆ ಯಡಿಯೂರು, ಚನ್ನರಾಯಪಟ್ಟಣ, ಹಾಸನ.

ಆ ಡೈರಿಯಲ್ಲಿ ದರದ ಕಾಲಂ ನೋಡಿದರೆ ದೇಶದ ಡೀಸೆಲ್ ಚರಿತ್ರೆ ನನ್ನ ಕೆಟ್ಟ ಅಕ್ಷರದಲ್ಲಿ ಸಿಗುತ್ತದೆ. 2013ರ ಜನವರಿಯಲ್ಲಿ ಸರ್ಕಾರ ಡೀಸೆಲ್ ಬೆಲೆಯನ್ನು ತಿಂಗಳಿಗೆ ಸುಮಾರು 50 ಪೈಸೆಯಂತೆ ಏರಿಸಲು ಬಿಟ್ಟಿತು. ಡೈರಿಯಲ್ಲೂ ಅದು ಹಾಗೇ ಹತ್ತುತ್ತದೆ, ಮೆಟ್ಟಿಲು ಮೆಟ್ಟಿಲಾಗಿ. 2014ರ ಅಕ್ಟೋಬರ್‌ನಲ್ಲಿ ಬೆಲೆಯ ಮೇಲಿನ ಹಿಡಿತವನ್ನೇ ಪೂರ್ತಿ ಕೈಬಿಟ್ಟರು. 2017ರ ಜೂನ್‌ನಿಂದ ದಿನಾ ಬೆಳಿಗ್ಗೆ ಹೊಸ ಬೆಲೆ. 2020ರ ಜೂನ್‌ನಲ್ಲಿ ದೆಹಲಿಯಲ್ಲಿ ಡೀಸೆಲ್ ಬೆಲೆ ಪೆಟ್ರೋಲನ್ನೇ ಹಿಂದೆ ಹಾಕಿತು, ಹಿಂದೆಂದೂ ಹಾಗೆ ಆಗಿರಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಡೀಸೆಲ್ ನೂರು ದಾಟಿತು. ಆ ಸಾಲಿನ ಪಕ್ಕ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿದ್ದೇನೆ. ಅಷ್ಟು ಬಿಟ್ಟರೆ ಇನ್ನೇನು ಮಾಡುವುದು?

ಬ್ರೋಷರ್ ಹಿಂದಿನ ಲೆಕ್ಕದಲ್ಲಿ ನಾನು ಮೂವತ್ತೈದು ರೂಪಾಯಿ ಅಂತರವನ್ನು ದೇವರು ಬರೆದ ಹಣೆಬರಹ ಅನ್ನುವ ಹಾಗೆ ನಂಬಿದ್ದೆ. ಕಾರು ಕೊಳ್ಳುವವನು ಹತ್ತು ವರ್ಷದ ಲೆಕ್ಕ ಹಾಕುತ್ತಾನೆ. ಬೆಲೆ ಕಟ್ಟುವವರು ಬಜೆಟ್‌ನಿಂದ ಬಜೆಟ್‌ಗೆ ಲೆಕ್ಕ ಹಾಕುತ್ತಾರೆ.

ಆದರೆ ಪೂರ್ತಿ ತಪ್ಪನ್ನು ಸರ್ಕಾರದ ತಲೆಗೆ ಕಟ್ಟಲಾರೆ. ಮೀಟರ್ ಕಾಲಂ ಬೇರೆಯೇ ಕಥೆ ಹೇಳುತ್ತದೆ. ಸಾವಿರದ ಐನೂರು ಅಂದಿದ್ದೆನಲ್ಲ? ಹನ್ನೊಂದು ವರ್ಷದಲ್ಲಿ ಓಡಿದ್ದು 1,14,000 ಕಿಲೋಮೀಟರ್. ತಿಂಗಳಿಗೆ 860. ಶೋರೂಮಿನಲ್ಲಿ ಕೂತಾಗ ನಾನು ಪ್ರತಿ ತಿಂಗಳು ಊರಿಗೆ ಹೋಗುವವನು, ವರ್ಷಕ್ಕೆರಡು ಸಲ ಗೋಕರ್ಣಕ್ಕೆ ಹೋಗುವವನು, ಒಂದು ಸಲ ಹಂಪಿಗೆ ಹೋಗುವವನು. ಡೈರಿಯಲ್ಲಿರುವವನು ಶನಿವಾರ ತರಕಾರಿ ತರುವವನು. ಎರಡು ವರ್ಷಕ್ಕೆ ವಾಪಸ್ ಬರಬೇಕಿದ್ದ 1.2 ಲಕ್ಷ ಬಂದಿದ್ದು ಐದೂ ಮುಕ್ಕಾಲು ವರ್ಷಕ್ಕೆ. ಬಂದ ಮೇಲಾದರೂ ನೆಮ್ಮದಿಯಾಯಿತಾ ಅಂದರೆ, ಅದೇ ವರ್ಷ ಯಾವುದೋ ಬಂಕಿನಲ್ಲಿ ಹಾಕಿಸಿದ ಡೀಸೆಲ್‌ನಲ್ಲಿ ನೀರು ಬಂದು ಇಂಜಿನ್‌ಗೆ ಡೀಸೆಲ್ ಚಿಮುಕಿಸುವ ಇಂಜೆಕ್ಟರ್‌ಗಳು ಹಾಳಾದವು. ಬಿಲ್ 42 ಸಾವಿರ. ಮೆಕ್ಯಾನಿಕ್ ಫಿಲ್ಟರ್ ಬಿಚ್ಚಿ ಒಂದು ಗಾಜಿನ ಲೋಟಕ್ಕೆ ಸುರಿದು ತೋರಿಸಿದ. ಮೇಲೆ ಡೀಸೆಲ್, ಕೆಳಗೆ ಬೆರಳು ದಪ್ಪದಷ್ಟು ನೀರು. "ಪೆಟ್ರೋಲ್ ಗಾಡಿ ಆಗಿದ್ರೆ ಇಷ್ಟು ಖರ್ಚು ಬರ್ತಿರಲಿಲ್ಲ ಸಾರ್," ಅಂದ.

ಅವನು ಹೇಳಿದ್ದು ನಿಜ. ಡೀಸೆಲ್ ಇಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಬರೀ ಗಾಳಿಯನ್ನು ಒಳಗೆ ಎಳೆದು ಹದಿನಾರು, ಹದಿನೇಳು ಪಟ್ಟು ಅದುಮುತ್ತದೆ. ಅಷ್ಟು ಅದುಮಿದರೆ ಗಾಳಿ ಕೆಂಡದಷ್ಟು ಕಾಯುತ್ತದೆ. ಅದರೊಳಗೆ ಡೀಸೆಲ್ ಚಿಮುಕಿಸಿದರೆ ತಾನೇ ಹತ್ತಿಕೊಳ್ಳುತ್ತದೆ. ಪೆಟ್ರೋಲ್ ಇಂಜಿನ್ ಹತ್ತು ಹನ್ನೊಂದು ಪಟ್ಟು ಅದುಮಿ, ಕಿಡಿ ಹಚ್ಚುತ್ತದೆ. ಡೀಸೆಲ್ ಮೈಲೇಜ್ ಜಾಸ್ತಿ ಬರುವುದಕ್ಕೆ ಈ ಅದುಮುವಿಕೆಯೇ ಕಾರಣ. ಜೊತೆಗೆ ಒಂದು ಲೀಟರ್ ಡೀಸೆಲ್‌ನಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ಹತ್ತು ಪರ್ಸೆಂಟ್‌ಗೂ ಜಾಸ್ತಿ ಶಕ್ತಿ ಇದೆ. ಆದರೆ ಆ ಒತ್ತಡ ತಡೆಯಲು ಇಂಜಿನ್ ಗಟ್ಟಿಯಾಗಿರಬೇಕು. ಸಾವಿರಕ್ಕೂ ಮೀರಿದ ಬಾರ್ ಒತ್ತಡದಲ್ಲಿ ಡೀಸೆಲ್ ಚಿಮುಕಿಸುವ ಇಂಜೆಕ್ಟರ್ ಕೂದಲೆಳೆಯಷ್ಟು ನಾಜೂಕಾಗಿರಬೇಕು. ಹಾಗಾಗಿ ಕೊಳ್ಳುವಾಗಲೂ ದುಬಾರಿ, ಕೆಟ್ಟಾಗಲೂ ದುಬಾರಿ.

ಇಷ್ಟೆಲ್ಲ ಬರೆದ ಮೇಲೂ ಒಂದು ಒಪ್ಪಿಕೊಳ್ಳಬೇಕು. ಆ ಕಾರನ್ನು ನಾನು ಪ್ರೀತಿಸುತ್ತಿದ್ದೆ.

ಸಕಲೇಶಪುರದಿಂದ ಹಾನುಬಾಳು ಕಡೆ ಅಕ್ಕನ ಮನೆಗೆ ಹೋಗುವ ದಾರಿಯಲ್ಲಿ ಗೊತ್ತಾಗುತ್ತಿತ್ತು ಡೀಸೆಲ್ ಅಂದರೆ ಏನು ಅಂತ. ಕಾಗದದ ಮೇಲೆ ನೋಡಿದರೆ ನನ್ನ 1248 ಸಿಸಿ ಡೀಸೆಲ್‌ಗೆ 75 ಪಿಎಸ್ ಶಕ್ತಿ. ಅದೇ ಸ್ವಿಫ್ಟಿನ 1197 ಸಿಸಿ ಪೆಟ್ರೋಲ್‌ಗೆ 87. ಓಟದಲ್ಲಿ ಪೆಟ್ರೋಲೇ ಮುಂದೆ. ಆದರೆ ಏರಿನಲ್ಲಿ ಬೇಕಾದದ್ದು ಎಳೆತ, ಅಂದರೆ ಟಾರ್ಕ್. ಪೆಟ್ರೋಲ್‌ದು 114 ಎನ್ಎಂ, ಅದೂ ನಿಮಿಷಕ್ಕೆ 4000 ಸುತ್ತು, ಅಂದರೆ 4000 ಆರ್‌ಪಿಎಂಗೆ ಇಂಜಿನ್ ಕಿರುಚಿದ ಮೇಲೆ. ನನ್ನದು 190, ಬರೀ 2000ಕ್ಕೆ. ಐದು ಜನ, ಹಿಂದೆ ಅಕ್ಕಿ ಮೂಟೆ, ಎಸಿ ಆನ್, ಮೂರನೇ ಗೇರಿನಲ್ಲೇ ತಿರುವು ಹತ್ತುತ್ತಿತ್ತು. 1800ರವರೆಗೆ ಸುಮ್ನೆ ಇದ್ದು, ಇಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಬಂದ ಕೂಡಲೇ ಬೆನ್ನಿಗೆ ಯಾರೋ ಕೈ ಇಟ್ಟು ತಳ್ಳಿದ ಹಾಗೆ. ಫಿಯೆಟ್ ಕಂಪನಿಯ ಇಂಜಿನ್ ಅದು. ಸ್ವಿಫ್ಟಿನಲ್ಲೂ ಅದೇ, ಇಂಡಿಕಾ ವಿಸ್ಟಾದಲ್ಲೂ ಅದೇ, ಪುಂಟೊದಲ್ಲೂ ಅದೇ. ಬಾನೆಟ್ ಎತ್ತಿದರೆ ಊರಿಗೆಲ್ಲ ಒಂದೇ ಮನೆದೇವರು.

ಜೊತೆಗೆ ಅದರ ಸದ್ದು. ಕಟಕಟಕಟ ಅಂತ. ಅಕ್ಕನ ಮನೆ ತೋಟದ ಒಳಗೆ, ಗೇಟಿನಿಂದ ಅರ್ಧ ಕಿಲೋಮೀಟರ್. ಗೇಟಿನ ಹತ್ತಿರದ ತಿರುವಿನಲ್ಲೇ ಕಾರಿನ ಸದ್ದು ಕೇಳಿ ಅವಳು ಕಾಫಿಗೆ ನೀರಿಡುತ್ತಿದ್ದಳು. ನಾವು ಇಳಿದು ಕಾಲು ತೊಳೆಯುವ ಹೊತ್ತಿಗೆ ಲೋಟ ಕೈಗೆ ಬರುತ್ತಿತ್ತು.

ಭಾವನವರದು ಇವತ್ತಿಗೂ ಡೀಸೆಲ್ ಜೀಪು. ಅವರ ಮುಂದೆ ಈ ಲೆಕ್ಕವೆಲ್ಲ ಇಟ್ಟರೆ ನಗುತ್ತಾರೆ. "ನಂಗೆ ಬೇಕಿರೋದು ಎತ್ತು. ಕುದುರೆ ಕಟ್ಕೊಂಡು ಏನ್ ಮಾಡ್ಲಿ?" ಅನ್ನುತ್ತಾರೆ. ಐವತ್ತು ಕೆಜಿಯ ಕಾಫಿ ಚೀಲಗಳನ್ನು ಹೇರಿಕೊಂಡು ಹಾಸನದ ಕ್ಯೂರಿಂಗ್ ವರ್ಕ್ಸ್‌ಗೆ ಹೋಗಬೇಕು. ಮಳೆಗಾಲದಲ್ಲಿ ಕೆಸರಿನ ರಸ್ತೆಯಲ್ಲಿ ಆಳುಗಳನ್ನು ಕರೆದುಕೊಂಡು ಬರಬೇಕು. ವಾರಕ್ಕೆ ಆರು ದಿನ ಗಾಡಿ ಬೆವರುತ್ತದೆ. ಅವರಿಗೆ ಡೀಸೆಲ್ ಸರಿಯೋ ತಪ್ಪೋ ಅನ್ನುವ ಪ್ರಶ್ನೆಯೇ ಇಲ್ಲ. ಟ್ಯಾಕ್ಸಿ ಓಡಿಸುವವರಿಗೂ ಅಷ್ಟೆ, ವಾರಕ್ಕೆರಡು ಸಲ ಹುಬ್ಬಳ್ಳಿ ಬೆಂಗಳೂರು ಓಡಾಡುವವರಿಗೂ ಅಷ್ಟೆ. ಪ್ರಶ್ನೆ ಇರುವುದು ನನ್ನಂಥ ಶನಿವಾರದ ತರಕಾರಿಯವರಿಗೆ.

ನಮ್ಮಂಥವರಿಗೆ ಈಗ ಡೀಸೆಲ್ ಇನ್ನೊಂದು ತೊಂದರೆ ತಂದಿದೆ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್6 ಅನ್ನುವ ಹೊಗೆ ಮಿತಿಯ ನಿಯಮ ಬಂತು. ಬಿಎಸ್4ರಿಂದ ಒಂದು ಮೆಟ್ಟಿಲು ಹಾರಿ ನೇರ ಆರಕ್ಕೆ. ಡೀಸೆಲ್ ಹೊಗೆ ಶುದ್ಧ ಮಾಡುವ ಸಾಮಾನೆಲ್ಲ ಸೇರಿದರೆ ಸಣ್ಣ ಕಾರಿನ ಬೆಲೆ ಎಲ್ಲಿಗೋ ಹೋಗುತ್ತೆ ಅಂತ ಮಾರುತಿ ಸುಜುಕಿ ಡೀಸೆಲ್ ಕಾರನ್ನೇ ನಿಲ್ಲಿಸಿತು. ಉಳಿದ ಕಂಪನಿಗಳಲ್ಲೂ ಬಹುಪಾಲು ಸಣ್ಣ ಡೀಸೆಲ್ ಕಾರುಗಳು ಒಂದೊಂದಾಗಿ ಮಾಯವಾದವು. ಈಗ ಹೊಸ ಡೀಸೆಲ್ ಬೇಕು ಅಂದರೆ ಹೆಚ್ಚಾಗಿ ಎಸ್‌ಯುವಿಯೇ ಗತಿ.

ಆ ಸಾಮಾನುಗಳಲ್ಲಿ ಮುಖ್ಯವಾದದ್ದು ಡಿಪಿಎಫ್, ಹೊಗೆಯಲ್ಲಿನ ಮಸಿ ಹಿಡಿಯುವ ಫಿಲ್ಟರ್. ಮಸಿ ತುಂಬಿದಾಗ ಅದು ಚೆನ್ನಾಗಿ ಕಾದು, ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕು. ಕಾಯಬೇಕಾದರೆ ಗಾಡಿ ಒಂದಿಷ್ಟು ಹೊತ್ತು ಒಂದೇ ಸಮ, ವೇಗವಾಗಿ ಓಡಬೇಕು. ನನ್ನ ಗೆಳೆಯನೊಬ್ಬ 2021ರಲ್ಲಿ ದೊಡ್ಡ ಡೀಸೆಲ್ ಗಾಡಿ ತಗೊಂಡ. ಮನೆ ಬಸವನಗುಡಿ, ಆಫೀಸು ಜಯನಗರ. ಹೋಗಿ ಬಂದರೂ ಹತ್ತು ಕಿಲೋಮೀಟರ್ ಆಗಲ್ಲ. ಮೂರು ತಿಂಗಳಿಗೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು. "ಹೈವೇಲಿ ಓಡಿಸಿ ಸಾರ್, ಹೋಗುತ್ತೆ," ಅಂದರಂತೆ ಸರ್ವಿಸ್‌ನವರು.

ಅವತ್ತಿನಿಂದ ಅವನು ಹದಿನೈದು ದಿನಕ್ಕೊಮ್ಮೆ ಭಾನುವಾರ ಐದು ಗಂಟೆಗೆ ಎದ್ದು ತುಮಕೂರು ರಸ್ತೆ ಹಿಡಿಯುತ್ತಾನೆ. ಜನ ನಾಯಿಯನ್ನು ವಾಕಿಂಗ್ ಕರೆದುಕೊಂಡು ಹೋಗುವ ಹಾಗೆ ಕಾರನ್ನು ಕರೆದುಕೊಂಡು ಹೋಗುತ್ತಾನೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ವಾಪಸ್. ಡೀಸೆಲ್, ಟೋಲ್, ಇಡ್ಲಿ ಎಲ್ಲ ಸೇರಿಸಿ ಮೈಲೇಜ್ ಲೆಕ್ಕ ಹಾಕು ಅಂತ ಒಂದು ಸಲ ಹೇಳಿದೆ. ಆಮೇಲೆ ಎರಡು ವಾರ ಫೋನ್ ಎತ್ತಲಿಲ್ಲ.

ನನ್ನ ಹಳೇ ಸ್ವಿಫ್ಟಿಗೆ ಈ ಫಿಲ್ಟರ್ ಇರಲಿಲ್ಲ. ಹಾಗಾದರೆ ಮಸಿ ಎಲ್ಲಿಗೆ ಹೋಗುತ್ತಿತ್ತು? ನಮ್ಮ ಬೀದಿ ಹದಿನೈದು ಅಡಿ ಅಗಲ. ಬೆಳಿಗ್ಗೆ ನಾನು ಕಾರು ಸ್ಟಾರ್ಟ್ ಮಾಡಿದಾಗ ಎದುರು ಮನೆಯ ಅಜ್ಜಿ ಕಿಟಕಿಯಿಂದ "ಹೊರಟ್ಯೇನಪ್ಪಾ?" ಅಂತ ಕೇಳಿ, ಕಿಟಕಿ ಹಾಕಿಕೊಳ್ಳುತ್ತಿದ್ದರು. ಎಷ್ಟೋ ವರ್ಷ ನಾನು ಅದನ್ನು ಬರೀ ವಿಶ್ವಾಸ ಅಂದುಕೊಂಡಿದ್ದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆಯನ್ನು ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಪೆಟ್ರೋಲ್ ಹೊಗೆಯನ್ನು 'ತರಬಹುದು' ಅನ್ನುವ ಪಟ್ಟಿಯಲ್ಲಿ ಇಟ್ಟಿತು. ಅದು ಯಾವಾಗ ಗೊತ್ತಾ? 2012ರ ಜೂನ್. ನಾನು ಕಾರು ಬುಕ್ ಮಾಡಿದ ಅದೇ ತಿಂಗಳು. ಬ್ರೋಷರ್ ಹಿಂದಿನ ಲೆಕ್ಕದಲ್ಲಿ ಅಜ್ಜಿಯ ಕಿಟಕಿಗೆ ಕಾಲಂ ಇರಲಿಲ್ಲ.

ಹಾಗಂತ ಪೆಟ್ರೋಲ್ ಸಾಚಾ ಅಂತ ಅಲ್ಲ. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಪ್ರಧಾನಿ ಇ20 ಪೆಟ್ರೋಲ್ ಬಿಡುಗಡೆ ಮಾಡಿದರು. ಈಗ ಎಲ್ಲ ಕಡೆ ಅದೇ. ಟ್ಯಾಂಕಿನ ಐದರಲ್ಲಿ ಒಂದು ಪಾಲು ಕಬ್ಬು, ಮೆಕ್ಕೆಜೋಳ, ಅಕ್ಕಿಯಿಂದ ಬಂದ ಎಥನಾಲ್. ಎಥನಾಲ್‌ನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಮ್ಮಿ. ಅಂದಮೇಲೆ ಮೈಲೇಜ್ ಸ್ವಲ್ಪ ಇಳಿಯಲೇಬೇಕು. ನೀತಿ ಆಯೋಗದ 2021ರ ವರದಿಯೇ ಹಳೇ ಕಾರುಗಳಲ್ಲಿ ಶೇಕಡಾ 6ರಿಂದ 7ರವರೆಗೆ ಇಳಿಯಬಹುದು ಅಂದಿತ್ತು. ಇ20ಗೆ ಅಂತಲೇ ಹೊಂದಿಸಿದ ಕಾರಿನಲ್ಲಿ ಅಷ್ಟು ಗೊತ್ತಾಗಲ್ಲ. ಎಲೆಕ್ಟ್ರಿಕ್ ತಗೋ ಅನ್ನುವವರೂ ಇದ್ದಾರೆ. ಬಾಡಿಗೆ ಮನೆ ಮೂರನೇ ಮಹಡಿಯಿಂದ ವೈರ್ ಇಳಿಬಿಡಲು ಓನರ್ ಒಪ್ಪಿದರೆ ಖಂಡಿತ ತಗೊಳ್ಳಲಿ.

ಸರಿ, ಅಳಿಯನ ಫೋನಿಗೆ ಬರೋಣ.

"ಎರಡು ಸಾವಿರ ಹೇಗೆ ಆಗುತ್ತೆ, ಬಿಡಿಸಿ ಹೇಳು," ಅಂದೆ. ಮನೆ ಮಾರತ್‌ಹಳ್ಳಿ, ಆಫೀಸು ವೈಟ್‌ಫೀಲ್ಡ್, ಒಂಬತ್ತು ಕಿಲೋಮೀಟರ್. ವಾರಕ್ಕೆ ಎಷ್ಟು ದಿನ ಆಫೀಸು? ಮೂರು. ತಿಂಗಳಿಗೆ ಹನ್ನೆರಡು ದಿನ ಅಂದರೆ 216. ವಾರದ ಕೊನೆಗೆ ಸಿನಿಮಾ, ಮಾಲು, ಅದು ಇದು ಅಂತ ನೂರು. ಊರಿಗೆ ಎಷ್ಟು ಸಲ ಹೋಗ್ತೀಯ? "ತಿಂಗಳಿಗೊಂದು ಸಲ ಹೋಗಬಹುದು ಮಾವ, ಕಾರು ಬಂದರೆ." ಬಂದರೆ ಬೇಡ, ಈಗ ಎಷ್ಟು ಸಲ ಹೋಗ್ತಿದ್ದೀಯ? ಸ್ವಲ್ಪ ಹೊತ್ತು ಮಾತಿಲ್ಲ. "ಎರಡು ತಿಂಗಳಿಗೊಂದು ಸಲ." ಹೋಗಿ ಬರೋದು 440, ಅಂದರೆ ತಿಂಗಳಿಗೆ 220. ಎಲ್ಲ ಕೂಡಿದರೆ 540 ಕೂಡ ಆಗಲಿಲ್ಲ.

ಅವನು ನೋಡಿದ್ದ ಗಾಡಿಯಲ್ಲಿ ಡೀಸೆಲ್‌ಗೆ ಒಂದೂವರೆ ಲಕ್ಷ ಜಾಸ್ತಿ. ಅದರ ಮೇಲೆ ಆ ಬೆಲೆಯ ಗಾಡಿಗೆ ನಮ್ಮ ರಾಜ್ಯದ ರಸ್ತೆ ತೆರಿಗೆ 17 ಪರ್ಸೆಂಟ್, ಸೆಸ್ ಬೇರೆ. ಡೀಸೆಲ್‌ಗೆ ಅಂತ ಜಾಸ್ತಿ ಕೊಟ್ಟ ದುಡ್ಡಿಗೂ ತೆರಿಗೆ ಬೀಳುತ್ತೆ ಅನ್ನುವುದು ಎಷ್ಟೋ ಜನ ಲೆಕ್ಕಕ್ಕೇ ಹಿಡಿಯಲ್ಲ. ಒಟ್ಟು 1.75 ಲಕ್ಷ ಅಂತ ಇಟ್ಟುಕೊಂಡೆವು. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇಕಡಾ 21.17ಕ್ಕೆ ಏರಿಸಿದ ಮೇಲೆ ಬೆಂಗಳೂರಿನಲ್ಲಿ ಡೀಸೆಲ್ 91ರ ಹತ್ತಿರ, ಪೆಟ್ರೋಲ್ 103ರ ಹತ್ತಿರ. ಅಂತರ ಹನ್ನೆರಡು ರೂಪಾಯಿ. ಅದೇ 14, 18ರ ಮೈಲೇಜ್ ಹಿಡಿದರೆ ಕಿಲೋಮೀಟರಿಗೆ ಉಳಿಯುವುದು 2 ರೂಪಾಯಿ 30 ಪೈಸೆ. ಭಾಗಿಸಿದರೆ 76,000 ಕಿಲೋಮೀಟರ್. ಅವನು ಹೇಳಿದ ಎರಡು ಸಾವಿರದ ಲೆಕ್ಕದಲ್ಲಿ ಮೂರು ವರ್ಷ ಚಿಲ್ಲರೆ. ಅವನು ನಿಜವಾಗಿ ಓಡಿಸುವ 540ರ ಲೆಕ್ಕದಲ್ಲಿ ಹನ್ನೊಂದೂ ಮುಕ್ಕಾಲು ವರ್ಷ. ಸಾಲದ ಬಡ್ಡಿ ಸೇರಿಸಲೇ ಇಲ್ಲ.

"ನಾಳೆ ಗುರುಗ್ರಾಮಕ್ಕೆ ಟ್ರಾನ್ಸ್‌ಫರ್ ಆದರೆ?" ಅಂತಲೂ ಕೇಳಿದೆ. ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಗಾಡಿ ಓಡಿಸುವ ಹಾಗಿಲ್ಲ ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆಮೇಲೆ ಸಡಿಲಿಕೆ, ಗೊಂದಲ ಎಲ್ಲ ನಡೆದಿದೆ. ನಮ್ಮಲ್ಲಿ ಆ ನಿಯಮ ಇಲ್ಲ. ಆದರೆ ಹನ್ನೊಂದು ವರ್ಷಕ್ಕೆ ಅಸಲು ಬರುವ ಗಾಡಿಗೆ ಹತ್ತು ವರ್ಷದ ಆಯಸ್ಸು ಅಂದರೆ ಕೇಳೋಕೆ ಹೇಗಿದೆ?

"ಆದರೂ ಘಾಟಿ ಹತ್ತೋವಾಗ ಆ ಪುಲ್ಲಿಂಗು..." ಅಂದ.

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಈಗ ಇರುವುದು ಪೆಟ್ರೋಲ್ ಕಾರೇ. ಹಾನುಬಾಳು ದಾರಿಯಲ್ಲಿ ಎರಡನೇ ಗೇರಿಗೆ ಇಳಿಸುವಾಗಲೆಲ್ಲ ಹಳೆಯದು ನೆನಪಾಗುತ್ತೆ. ವರ್ಷಕ್ಕೆ ಆರು ಸಲ ಹತ್ತುವ ಏರಿಗೆ 1.75 ಲಕ್ಷ ಕೊಡುತ್ತೀಯಾದರೆ ಕೊಡು, ಅದರಲ್ಲಿ ತಪ್ಪಿಲ್ಲ, ಆದರೆ ಅದನ್ನು ಉಳಿತಾಯ ಅನ್ನಬೇಡ ಅಂದೆ.

ಜಿಎಸ್‌ಟಿ ಇಳಿಯುತ್ತೆ ಅಂತ ಸೆಪ್ಟೆಂಬರ್ 22ರವರೆಗೆ ಕಾದು, ಅವನು ಪೆಟ್ರೋಲ್ ಗಾಡಿಯನ್ನೇ ತಗೊಂಡ. ನನ್ನ ಲೆಕ್ಕ ಕೇಳಿಯೋ, ಡೀಸೆಲ್‌ನಲ್ಲಿ ಬೇಕಾದ ಬಣ್ಣ ಬೇಗ ಸಿಗಲ್ಲ ಅಂದಿದ್ದಕ್ಕೋ, ಕೇಳಲು ಹೋಗಲಿಲ್ಲ.

ದೀಪಾವಳಿಗೆ ಅದರಲ್ಲೇ ಎಲ್ಲರೂ ಊರಿಗೆ ಹೋದೆವು. ಗೇಟು ದಾಟಿ, ತಿರುವು ದಾಟಿ, ಅಂಗಳದಲ್ಲಿ ನಿಲ್ಲಿಸಿದರೂ ಯಾರೂ ಹೊರಗೆ ಬರಲಿಲ್ಲ. ನಾಯಿಯೂ ಏಳಲಿಲ್ಲ. ಬಾಗಿಲು ಹಾಕಿದ ಸದ್ದಿಗೆ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಓಡಿ ಬಂದಳು.

"ಅಯ್ಯೋ, ಬಂದೇಬಿಟ್ರಾ? ಒಂಚೂರೂ ಗೊತ್ತಾಗ್ಲಿಲ್ವಲ್ಲೋ. ಕಾಫಿಗೂ ಇಟ್ಟಿಲ್ಲ."